ಕಂಡಕ್ಟರಣ್ಣನ ತಪ್ಪಿನ ಪುಸ್ತಕ

ಸೀಟಿನ ಎದುರಿನ ಜೇಬಿನಲ್ಲಿ ಒಂದು ಕಾರ್ಡು ಇತ್ತು. ಪ್ಲಾಸ್ಟಿಕ್ ಹೊದಿಕೆಯದು, ಎಷ್ಟೋ ಜನರ ಕೈ ತಾಗಿ ಮೂಲೆಗಳು ಸವೆದಿದ್ದವು. ಅದರಲ್ಲಿ ಅಕ್ಷರ ಕಡಿಮೆ, ಚಿತ್ರ ಜಾಸ್ತಿ. ಒಂದು ಚಿತ್ರದಲ್ಲಿ ಬಾಗಿಲು, ಬಾಗಿಲ ಮುಂದೆ ಒಂದು ಚೀಲ, ಆ ಚೀಲದ ಮೇಲೆ ದಪ್ಪನೆಯ ಕೆಂಪು ಗೀಟು. ಅದನ್ನು ನೋಡಿದ್ದೇ ತಡ, ಕಂಡಕ್ಟರಣ್ಣ ನೆನಪಾದರು...

ಆವತ್ತು ನಾನು ಮೊದಲ ಸಲ ವಿಮಾನ ಹತ್ತಿದ್ದೆ. ಕೆಲಸದಿಂದ ನಿವೃತ್ತಳಾದ ಖುಷಿಗೆ ತಂಗಿಯನ್ನು ಕಟ್ಟಿಕೊಂಡು ಶಿವಮೊಗ್ಗದಿಂದ ತಿರುಪತಿಗೆ ಹೊರಟಿದ್ದೆ. ಶಿಕಾರಿಪುರ ಬಿಟ್ಟಾಗಿನಿಂದ ಇಬ್ಬರ ಬಾಯಿಯೂ ನಿಂತಿರಲಿಲ್ಲ. ಈ ವಿಮಾನಕ್ಕೆ ಹಿಂದಿನ ಬಾಗಿಲಿನಿಂದ ಹತ್ತಬೇಕು, ನಮ್ಮ ಸೀಟು ಮಾತ್ರ ಎಲ್ಲರಿಗಿಂತ ಮುಂದೆ. ತಂಗಿ ಜನರ ನಡುವೆ ನುಸುಳಿಕೊಂಡು ಓಡಿಹೋಗಿ, ಹೆಗಲ ಮೇಲಿದ್ದ ಶಾಲನ್ನು ತೆಗೆದು ಎರಡು ಸೀಟಿನ ಮೇಲೂ ಹಾಸಿಬಿಟ್ಟಳು. "ಅಕ್ಕಾ, ಸೀಟು ಹಿಡ್ದೀನಿ, ಬಾ ಬೇಗ!" ಚೀಟಿಯಲ್ಲಿ ಸೀಟಿನ ನಂಬರು ಬರೆದೇ ಕೊಟ್ಟಿದ್ದಾರೆ ಕಣೇ ಎಂದು ಹೇಳುವಷ್ಟರಲ್ಲಿ ಅರ್ಧ ವಿಮಾನ ನಗುತ್ತಿತ್ತು. ನನಗೂ ನಗು ತಡೆಯಲಾಗಲಿಲ್ಲ. ನಲವತ್ತು ವರ್ಷ ಶಿಕಾರಿಪುರ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವರಿಗೆ ಆ ಅಭ್ಯಾಸ ಅಷ್ಟು ಸುಲಭಕ್ಕೆ ಬಿಡುತ್ತದೆಯೇ?

ಆಗ ಗಗನಸಖಿ ಬಂದು, "ಅಮ್ಮಾ, ನೀವು ಎಮರ್ಜೆನ್ಸಿ ಬಾಗಿಲ ಪಕ್ಕ ಕೂತಿದ್ದೀರಿ. ಈ ಚೀಲ ಇಲ್ಲಿ ಇರಬಾರದು" ಎಂದು ನಮ್ಮ ಚಕ್ಕುಲಿ ಚೀಲವನ್ನು ಎತ್ತಿ ಮೇಲಿಟ್ಟಳು. ನಾನು ಕಾರ್ಡು ತೆಗೆದು ನೋಡಿದ್ದು ಆಮೇಲೆ.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ನಾನು ಸೊರಬದ ಒಂದು ಶಾಲೆಯಲ್ಲಿ ವಿಜ್ಞಾನದ ಟೀಚರು, ಮನೆ ಶಿಕಾರಿಪುರದಲ್ಲಿ. ಬೆಳಗ್ಗೆ ಒಂದು ಖಾಸಗಿ ಬಸ್ಸಿನಲ್ಲಿ ಶಿರಾಳಕೊಪ್ಪದ ಮೇಲೆ ಹೋಗುವುದು, ಸಂಜೆ ಅದೇ ಬಸ್ಸಿನಲ್ಲಿ ವಾಪಸ್ಸು. ಆ ಬಸ್ಸಿನ ಕಂಡಕ್ಟರು ಕುಬಟೂರಿನ ಕಡೆಯವರು. ಸಣಕಲು ಮೈ, ಕಿವಿಯಲ್ಲಿ ಪೆನ್ನು, ಕಂಕುಳಲ್ಲಿ ಟಿಕೆಟ್ ಚೀಲ, ಅದರೊಳಗೆ ಮಡಚಿಟ್ಟ ಅವತ್ತಿನ ಪೇಪರು. ನಾವೆಲ್ಲ ಕಂಡಕ್ಟರಣ್ಣ ಎನ್ನುತ್ತಿದ್ದೆವು. ಅವರಿಗೆ ಅಭಿಪ್ರಾಯವಿಲ್ಲದ ವಿಷಯವೇ ಇರಲಿಲ್ಲ. ಅಂಜನಾಪುರದ ನಾಲೆಗೆ ನೀರು ಬಿಟ್ಟರೆ ಅದಕ್ಕೊಂದು ಅಭಿಪ್ರಾಯ, ಬಿಡದಿದ್ದರೆ ಇನ್ನೊಂದು. ಬಳ್ಳಿಗಾವಿಯವರು ಇಳಿಯುವಷ್ಟರಲ್ಲಿ ರಾಜಕೀಯ ಮುಗಿಯುತ್ತಿತ್ತು, ಶಿರಾಳಕೊಪ್ಪದಲ್ಲಿ ಕ್ರಿಕೆಟ್ಟು, ಅಲ್ಲಿಂದ ಸೊರಬದವರೆಗೆ ಸಿನಿಮಾ ಮತ್ತು ವಿಮಾನ.

ಹೌದು, ವಿಮಾನ! ಟಿ.ವಿ.ಯಲ್ಲಿ ವಿಮಾನ ಅಪಘಾತಗಳ ತನಿಖೆ ತೋರಿಸುವ ಕಾರ್ಯಕ್ರಮವೊಂದು ಬರುತ್ತಿತ್ತು. ಅದರ ಇಂಗ್ಲಿಷು ಅವರಿಗೆ ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧ ಮರುದಿನ ನನ್ನ ಪಾಲಿಗೆ. ರೆಕ್ಕೆಯ ಮೇಲೆ ಮಂಜು ಕೂತರೆ ಏನಾಗುತ್ತದೆ, ಹಕ್ಕಿ ಇಂಜಿನ್ನಿಗೆ ಸಿಕ್ಕಿದರೆ ಏನಾಗುತ್ತದೆ ಎಂದು ಟಿಕೆಟ್ ಹರಿಯುತ್ತಲೇ ಕೇಳುವರು. ನಾನು ಗೊತ್ತಿಲ್ಲ ಎನ್ನಲು ನಾಚಿಕೊಂಡು, ಮನೆಗೆ ಹೋಗಿ ಓದಿಕೊಂಡು ಬಂದು, ದೊಡ್ಡದಾಗಿ ಉತ್ತರ ಹೇಳುವೆ. ಎಷ್ಟೋ ಸಲ ನಾವಿಬ್ಬರೂ ವಾದಕ್ಕೆ ಬಿದ್ದು ಯಾರದೋ ಸ್ಟಾಪು ದಾಟಿಹೋಗಿ, ಡ್ರೈವರ್ ಬ್ರೇಕ್ ಹಾಕಿ ಬೈದದ್ದಿದೆ. ಅಷ್ಟು ಮಜವಾದ ಪ್ರಯಾಣ ನಾನು ಮತ್ತೆ ಮಾಡಿಲ್ಲ.

ಶುಕ್ರವಾರ ಬಿಡುಗಡೆಯಾದ ಸಿನಿಮಾದ ವಿಮರ್ಶೆ ಸೋಮವಾರ ನಮ್ಮ ಬಸ್ಸಿನಲ್ಲಿ. ಹಾಡು, ಕತೆ ಎಲ್ಲ ಆಮೇಲೆ. ಹೀರೋ ಹೆಲ್ಮೆಟ್ ಹಾಕಿದ್ದನೋ ಇಲ್ಲವೋ, ಕಾರಿನಲ್ಲಿ ಬೆಲ್ಟ್ ಕಟ್ಟಿದ್ದನೋ ಇಲ್ಲವೋ ಅದು ಮೊದಲು. ಒಂದು ಸಿನಿಮಾದಲ್ಲಿ ನಾಯಕ ಒಬ್ಬನೇ ವಿಮಾನ ಇಳಿಸಿ ಮುನ್ನೂರು ಜನರನ್ನು ಉಳಿಸಿದನಂತೆ. ಬಸ್ಸಿನ ಹುಡುಗರೆಲ್ಲ ಅದನ್ನೇ ಕೊಂಡಾಡುತ್ತಿದ್ದರು. ಕಂಡಕ್ಟರಣ್ಣನಿಗೆ ಪಿತ್ತ ನೆತ್ತಿಗೇರಿತು.

"ಅಲ್ಲಾ ಮಾರಾಯ್ರೆ, ಪಕ್ಕದ ಸೀಟಿನ ಪೈಲಟ್ ಎಲ್ಲಿಗ್ ಹೋದ? ಚಾ ಕುಡಿಯಾಕೆ ಹೋದ್ನಾ? ಅಲ್ಲಿ ಇಬ್ರನ್ನ ಕೂರ್ಸೋದೇ ಒಬ್ಬ ತಪ್ಪು ಮಾಡಿದ್ರೆ ಇನ್ನೊಬ್ಬ ಹೇಳ್ಲಿ ಅಂತ!"

ಎಲ್ಲೋ ವಿಮಾನ ಬಿದ್ದ ಸುದ್ದಿ ಬಂದರೆ ಮಾತ್ರ ಅವರು ಗಂಭೀರರಾಗುತ್ತಿದ್ದರು. ಒಮ್ಮೆ ಹಾಗೆ ಸುದ್ದಿ ಬಂದಾಗ ಬಸ್ಸಿನವರೆಲ್ಲ ಪೈಲಟ್‌ನನ್ನು ಬೈಯತೊಡಗಿದರು. "ಸತ್ತವ್ನ ಮೇಲೆ ಗೂಬೆ ಕೂರಿಸ್ಬ್ಯಾಡ್ರಿ. ಮೊದ್ಲು ಪೆಟ್ಟಿಗೆ ಸಿಗ್ಲಿ. ಅದನ್ನೂ ಕಪ್ಪು ಪೆಟ್ಟಿಗೆ ಅಂತಾರೆ, ಇರೋದು ಕಿತ್ತಳೆ ಬಣ್ಣ. ಹೆಸ್ರಲ್ಲೇ ಇಷ್ಟು ಸುಳ್ಳು ಐತೆ, ಸುದ್ದೀಲಿ ಎಷ್ಟಿರ್ಬೇಕು ನೀವೇ ಹೇಳಿ" ಎಂದರು. ಈಗಂತೂ ವಿಮಾನ ಬಿದ್ದ ಅರ್ಧ ಗಂಟೆಗೆ ಫೋನಿನಲ್ಲಿ ಎಲ್ಲರೂ ತನಿಖಾಧಿಕಾರಿಗಳೇ. ಆ ಗದ್ದಲ ಕೇಳಿದಾಗೆಲ್ಲ ನನಗೆ ಕಂಡಕ್ಟರಣ್ಣನ ಸೀಟಿ ಬೇಕೆನ್ನಿಸುತ್ತದೆ. ಒಂದು ಸಲ ಊದಿದರೆ ಎಲ್ಲರೂ ಬಾಯಿ ಮುಚ್ಚುತ್ತಿದ್ದರು.

ಬರೀ ಮಾತಿನಲ್ಲೇ ಬಿಟ್ಟಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಒಂದು ದಿನ ಬಸ್ಸು ಸ್ಟ್ಯಾಂಡು ಬಿಟ್ಟ ಕೂಡಲೇ ಅವರು ನಡುದಾರಿಯಲ್ಲಿ ನಿಂತು, ಗಗನಸಖಿಯರ ಹಾಗೆ ಎರಡೂ ಕೈ ಚಾಚಿ ಶುರುಮಾಡಿದರು. "ಮುಂದ್ಗಡೆ ಒಂದು ಬಾಗಿಲು. ಹಿಂದೆ ಬಲಗಡೆ ಎಮರ್ಜೆನ್ಸಿ ಬಾಗಿಲು. ನಿಮ್ಗೆ ಯಾವ್ದು ಹತ್ರ, ಒಂದ್ಸಲ ತಿರುಗಿ ನೋಡ್ಕಳ್ರೀ!" ಜನ ಬಿದ್ದು ಬಿದ್ದು ನಕ್ಕರು. ಆದರೂ ತಿರುಗಿ ನೋಡಿದರು. ಅಂದಿನಿಂದ ಎರಡೂ ಹೊತ್ತು ಇದೇ ಪದ್ಧತಿಯಾಯಿತು. ಮೊದಲು ತಾವೇ ಹಿಂದೆ ಹೋಗಿ ಆ ಬಾಗಿಲ ಹಿಡಿ ತಿರುಗಿಸಿ ನೋಡುವುದು, ಆಮೇಲೆ ಭಾಷಣ. ಶುಂಠಿ ಚೀಲ, ಹಾಲಿನ ಕ್ಯಾನು ಯಾವುದನ್ನೂ ಅಲ್ಲಿ ಇಡಲು ಬಿಡುತ್ತಿರಲಿಲ್ಲ.

ಆಮೇಲೆ ಬಂತು ತಪ್ಪಿನ ಪುಸ್ತಕ. ವಿಮಾನದವರು ತಮ್ಮ ತಪ್ಪನ್ನು ತಾವೇ ಬರೆದುಕೊಡುತ್ತಾರಂತೆ, ಬರೆದವರನ್ನು ಯಾರೂ ಬೈಯುವುದಿಲ್ಲವಂತೆ, ಅದನ್ನು ಓದಿ ಉಳಿದವರು ಹುಷಾರಾಗುತ್ತಾರಂತೆ ಎಂದು ಅವರು ಟಿ.ವಿ. ನೋಡಿ ಬಂದು ಹೇಳಿದಾಗ ನನಗೂ ಹುರುಪು ಬಂತು. ನೂರು ಪುಟದ ನೋಟ್ ಪುಸ್ತಕ ಕೊಟ್ಟವಳು ನಾನೇ. ಡ್ರೈವರ್ ಸೀಟಿನ ಹಿಂದೆ ಅದನ್ನು ದಾರದಲ್ಲಿ ನೇತುಹಾಕಿದರು. ಒಂದೇ ನಿಯಮ: ನಿಮ್ಮ ತಪ್ಪು ಮಾತ್ರ ಬರೆಯಿರಿ, ಬೇರೆಯವರದ್ದು ಬೇಡ. ಮೊದಲು ಬರೆದವರು ಅವರೇ: "ಇಳಿಯೋರು ಇಳಿಯೋಕೆ ಮುಂಚೆ ಸೀಟಿ ಹೊಡೆದೆ." ಡ್ರೈವರ್ ಒಂದು ತಿಂಗಳು ಮುಖ ತಿರುಗಿಸಿಕೊಂಡಿದ್ದು, ಆಮೇಲೆ ಒಂದು ದಿನ ತಾನಾಗಿಯೇ ಬರೆದ: "ಫೋನ್ ನೋಡಿದೆ. ದನ ಅಡ್ಡ ಬಂತು. ದನದ್ದು ತಪ್ಪಿಲ್ಲ." ಬಸ್ಸಿಗೆ ಬಸ್ಸೇ ಚಪ್ಪಾಳೆ ತಟ್ಟಿತು! ಬರೆಯಲು ಬಾರದ ಅಜ್ಜಿಯರು ಹೇಳುತ್ತಿದ್ದರು, ನಾನು ಬರೆದುಕೊಡುತ್ತಿದ್ದೆ. ಬಸ್ಸು ನಿಲ್ಲುವ ಮೊದಲೇ ಇಳಿದೆ, ಕಿಟಕಿಯಿಂದ ಕೈ ಹೊರಗೆ ಹಾಕಿದೆ... ಹೀಗೆ ಪುಟಗಳು ತುಂಬುತ್ತಿದ್ದವು. ನನ್ನ ತಪ್ಪು ಮಾತ್ರ ಅದರಲ್ಲಿ ಒಂದೂ ಇರಲಿಲ್ಲ. ಟೀಚರು ನೋಡಿ, ತಪ್ಪೇ ಮಾಡುವುದಿಲ್ಲವಲ್ಲ!

ಶಿಕಾರಿಪುರದಲ್ಲಿ ಮಕ್ಕಳ ವಿಜ್ಞಾನ ಪ್ರದರ್ಶನವಿತ್ತು. ನನ್ನ ಮಕ್ಕಳು ಬಿದಿರಿನ ದಬ್ಬೆ, ಥರ್ಮಾಕೋಲಿನಲ್ಲಿ ಆಳುದ್ದದ ವಿಮಾನ ಮಾಡಿದ್ದರು. ಕಂಡಕ್ಟರಣ್ಣ ಸೊರಬದಲ್ಲಿ ಬಸ್ಸು ನಿಂತಾಗಲೆಲ್ಲ ಶಾಲೆಗೆ ಓಡಿಬಂದು ಸಲಹೆ ಕೊಟ್ಟದ್ದೇ ಕೊಟ್ಟದ್ದು. "ಎಮರ್ಜೆನ್ಸಿ ಬಾಗಿಲು ಬರೀದಿದ್ರೆ ನನ್ ಬಸ್ಸಿಗೆ ಹತ್ತಿಸಲ್ಲ" ಎಂದು ಹೆದರಿಸಿ, ಕೆಂಪು ಬಣ್ಣದಲ್ಲಿ ಬಾಗಿಲು ಬರೆಸಿದ್ದರು. ಪ್ರದರ್ಶನದ ಹಿಂದಿನ ಸಂಜೆ ಮಕ್ಕಳು ವಿಮಾನವನ್ನು ಹೊತ್ತು ತಂದು ಹಿಂದಿನ ಸೀಟಿನಲ್ಲಿಟ್ಟು, ಟಾಟಾ ಮಾಡಿ ಹೋದರು. ಅವತ್ತು ಸೊರಬದ ಸಂತೆ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ವಿಮಾನ ಕುಲುಕಾಡಿ ಜನರ ಕೆಳಗೆ ಸಿಕ್ಕರೆ ಏನು ಗತಿ ಎಂದು ನಾನು ಸುತ್ತ ನೋಡಿದೆ. ಕಟ್ಟಲು ಗಟ್ಟಿಯಾಗಿ ಇದ್ದದ್ದು ಒಂದೇ. ವಿಮಾನದ ಬಾಲವನ್ನು ಎಮರ್ಜೆನ್ಸಿ ಬಾಗಿಲ ಹಿಡಿಗೆ ಸೆಣಬಿನ ಹುರಿಯಿಂದ ಐದು ಗಂಟು ಹಾಕಿ ಕಟ್ಟಿದೆ.

ಆ ನೂಕುನುಗ್ಗಲಿನಲ್ಲಿ ಕಂಡಕ್ಟರಣ್ಣ ಹಿಂದೆ ಬರಲಾಗಲಿಲ್ಲ. ಮುಂದಿನಿಂದಲೇ ಕೂಗಿದರು, "ಟೀಚರ್, ಹಿಂದಿನ ಬಾಗಿಲು ಸರಿ ಐತಾ?"

"ಸರಿ ಇದೆ!" ಎಂದು ನಾನೂ ಕೂಗಿದೆ. ಒಂದು ದಿನ ತಾನೇ ಅನ್ನಿಸಿತ್ತು.

ಶಿರಾಳಕೊಪ್ಪ ದಾಟಿ ಸ್ವಲ್ಪ ದೂರ ಬಂದಿದ್ದೆವು. ಡ್ರೈವರ್ ಪಕ್ಕದ ಇಂಜಿನ್ ಮುಚ್ಚಳದಿಂದ ಹೊಗೆ ಎದ್ದಿತು. ಬಸ್ಸು ನಿಂತಿತು. ಮುಂದಿನ ಬಾಗಿಲ ಬಳಿ ದಟ್ಟ ಹೊಗೆ, ಕಿರುಚಾಟ. "ಹಿಂದೆ! ಹಿಂದೆ ಬಾಗಿಲು ಐತೆ!" ಎಂದು ಕಂಡಕ್ಟರಣ್ಣ ಕೂಗಿದ್ದೇ ತಡ, ಅಷ್ಟೂ ಜನ ಹಿಂದಕ್ಕೆ ತಿರುಗಿದರು. ದಿನಾ ತಿರುಗಿ ನೋಡಿದವರಲ್ಲವೇ? ಯಾರಿಗೂ ಬಾಗಿಲು ಎಲ್ಲಿದೆ ಎಂದು ಹುಡುಕಬೇಕಾಗಲಿಲ್ಲ. ಆದರೆ ಹಿಡಿ ತಿರುಗಲಿಲ್ಲ. ನಾನು ಗಂಟು ಬಿಚ್ಚುತ್ತಿದ್ದೆ. ನಾನೇ ಹಾಕಿದ ಗಂಟು ನನಗೇ ಬಿಚ್ಚಲು ಬರಲಿಲ್ಲ. ಕಂಡಕ್ಟರಣ್ಣ ಜನರ ತಲೆ ಮೇಲಿಂದಲೇ ಬಂದವರಂತೆ ಬಂದರು. ಹುರಿ ನೋಡಿದರು, ನನ್ನನ್ನು ನೋಡಿದರು. ಎರಡೂ ಕೈಯಲ್ಲಿ ಹಿಡಿಯನ್ನು ಹಿಡಿದು, ಮೈಯೆಲ್ಲ ಭಾರ ಹಾಕಿ ಜಗ್ಗಿದರು. ಹುರಿ ಕಿತ್ತುಬಂತು, ಬಾಗಿಲು ಒಮ್ಮೆಲೇ ತೆರೆಯಿತು, ಅವರು ರಸ್ತೆಗೆ ಬಿದ್ದರು.

ಎಲ್ಲರೂ ಇಳಿದೆವು. ಪ್ರಯಾಣಿಕರಲ್ಲಿ ಒಬ್ಬರಿಗೂ ತರಚುಗಾಯವಿಲ್ಲ. ವೈರು ಸುಟ್ಟ ಹೊಗೆ ಅದು, ಡ್ರೈವರ್ ಮಣ್ಣು ಎರಚಿ ಆರಿಸಿದ. ಮುರಿದದ್ದು ಎರಡೇ: ಮಕ್ಕಳ ವಿಮಾನ ಮತ್ತು ಕಂಡಕ್ಟರಣ್ಣನ ಬಲಗೈ.

"ಈ ಹುರಿ ಯಾರ್ ಕಟ್ಟಿದ್ರೀ?" ಡ್ರೈವರ್ ಕೇಳಿದ. ಅಷ್ಟು ಜನರ ಕಣ್ಣು ನನ್ನ ಮೇಲೆ. "ಮಕ್ಕಳು ಕಟ್ಟಿದ್ದಿರಬೇಕು" ಎಂದೆ. ಹೇಗೆ ಬಂತೋ ಆ ಮಾತು... ಬಾಯಿಂದ ಸಲೀಸಾಗಿ ಬಂದುಬಿಟ್ಟಿತು.

ಕಂಡಕ್ಟರಣ್ಣ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು, ಟವೆಲ್ಲಿನಲ್ಲಿ ಕೈ ಸುತ್ತಿಕೊಂಡಿದ್ದರು. ಆಸ್ಪತ್ರೆಗೆ ಹೋಗಲು ಕಾರೊಂದನ್ನು ನಿಲ್ಲಿಸಿದ್ದರೂ ಮೊದಲು ಪುಸ್ತಕ ತರಿಸಿದರು. "ನಂಗೆ ಕೈ ಆಗಲ್ಲ. ನೀವು ಬರ್ಕೊಡ್ರಿ ಟೀಚರ್. 'ಬಾಗಿಲಿಗೆ ಹುರಿ ಕಟ್ಟಿತ್ತು. ಹೊರಡೋ ಮುಂಚೆ ನಾನೇ ಹೋಗಿ ಹಿಡಿ ತಿರುಗಿಸಿ ನೋಡ್ಲಿಲ್ಲ. ತಪ್ಪು ನಂದು.'" ನಾನು ಬರೆದೆ. ನನ್ನ ದುಂಡು ಅಕ್ಷರದಲ್ಲಿ, ಅವರ ಹೆಸರು ಹಾಕಿ. ಅವರು ಆ ಪುಟ ನೋಡಿ ಕೇಳಿದರು, "ಇನ್ನೇನಾರ ಬರೆಯೋದು ಐತಾ?"

ನಾನು ಪುಸ್ತಕ ಮುಚ್ಚಿದೆ.

ಬಸ್ಸಿನ ಮಾಲಕರು ಆ ಪುಸ್ತಕ ತರಿಸಿಕೊಂಡು ಓದಿದರು. ತಾನೇ ಒಪ್ಪಿಕೊಂಡಿದ್ದಾನಲ್ಲ ಎಂದು ಕಂಡಕ್ಟರಣ್ಣನನ್ನು ಕೆಲಸದಿಂದ ತೆಗೆದರು. ನಾನು ನಿಜ ಹೇಳಲೆಂದು ಒಂದು ದಿನ ಮಾಲಕರ ಮನೆಯ ಗೇಟಿನವರೆಗೂ ಹೋದೆ. ಅವರು ಊರಲ್ಲಿಲ್ಲ ಎಂದು ಕೆಲಸದವನು ಹೇಳಿದ. ಎಂಥ ಸಮಾಧಾನವಾಯಿತು ನನಗೆ! ಮತ್ತೆ ಆ ಕಡೆ ಹೋಗಲಿಲ್ಲ. ಹೊಸ ಕಂಡಕ್ಟರ್ ಬಂದ, ಎಮರ್ಜೆನ್ಸಿ ಬಾಗಿಲ ಮುಂದೆ ಶುಂಠಿ ಚೀಲಗಳೂ ಬಂದವು.

ಆಮೇಲೆ ಅವರು ಊರಲ್ಲೇ ಸಣ್ಣ ಚಹಾದಂಗಡಿ ಇಟ್ಟರು. ಒಂದೇ ಸಲ ಸೊರಬದಲ್ಲಿ ಎದುರಾದರು. ಬಲಗೈ ಪೂರಾ ಮಡಚಲು ಬರುತ್ತಿರಲಿಲ್ಲ. ಕೆಲಸದ ಮಾತು, ಕೈಯ ಮಾತು ಯಾವುದನ್ನೂ ಎತ್ತಲಿಲ್ಲ. ಎಂದಿನ ಉಮೇದಿನಲ್ಲಿ ಶಿವಮೊಗ್ಗಕ್ಕೆ ವಿಮಾನ ಬರುತ್ತದಂತೆ ಎಂದು ಮಾತು ತೆಗೆದರು. "ಹತ್ತೋದು ದೊಡ್ಡದಲ್ಲ ಟೀಚರ್, ಆ ಎಮರ್ಜೆನ್ಸಿ ಬಾಗಿಲ ಪಕ್ಕದ ಸೀಟು ಸಿಗ್ಬೇಕು!" ಎಂದು ನಕ್ಕರು. ಹೊರಟವರು ತಿರುಗಿ ನಿಂತು ಕೇಳಿದರು, "ಅವತ್ತು ಆ ಮಕ್ಕಳಿಗೆ ಯಾರೂ ಬೈಲಿಲ್ಲ, ಅಲ್ದಾ?"

ಇಲ್ಲ ಎಂದೆ. ಹೋದ ವರ್ಷ ಹಳೆಯ ಡ್ರೈವರ್ ಸಿಕ್ಕಿದಾಗ, ಕಂಡಕ್ಟರಣ್ಣ ತೀರಿಕೊಂಡ ವಿಷಯ ಹೇಳಿದ. ಅವರು ಕೊನೆಯವರೆಗೂ ವಿಮಾನ ಹತ್ತಿರಲಿಲ್ಲ.

ಅವರು ಬಯಸಿದ ಸೀಟಿನಲ್ಲಿ ನಾನು ಕೂತಿದ್ದೆ. ಗಗನಸಖಿ ನನ್ನತ್ತ ಬಾಗಿ, "ಎಮರ್ಜೆನ್ಸಿ ಬಂದರೆ, ನಾವು ಹೇಳಿದಾಗ ಈ ಬಾಗಿಲು ತೆಗೀತೀರಾ ಅಮ್ಮಾ?" ಎಂದು ಕೇಳಿದಳು. "ತೆಗೀತೀನಿ" ಎಂದೆ, ಬೇಕಾದ್ದಕ್ಕಿಂತ ಜೋರಾಗಿಯೇ. ಅವಳು ಕೈ ಚಾಚಿ ಬಾಗಿಲುಗಳನ್ನು ತೋರಿಸುವಾಗ ಎಲ್ಲರೂ ಫೋನು ನೋಡುತ್ತಿದ್ದರು. ನಾನೊಬ್ಬಳು ಕತ್ತು ತಿರುಗಿಸಿ ಒಂದೊಂದನ್ನೂ ನೋಡಿದೆ. ವಿಮಾನ ಓಡಿತು, ಎದ್ದಿತು. ಅಬ್ಬಾ! ತಂಗಿ ನನ್ನ ಕೈ ಗಟ್ಟಿಯಾಗಿ ಹಿಡಿದು ಕಿರುಚಿದಳು, ನಾನೂ ಕಿರುಚಿದೆ. ಕೆಳಗೆ ಗದ್ದೆ, ಕೆರೆ, ರಸ್ತೆ, ಆ ರಸ್ತೆಯಲ್ಲಿ ಬೆಂಕಿಪೊಟ್ಟಣದಷ್ಟು ಒಂದು ಬಸ್ಸು. ಇದನ್ನೆಲ್ಲ ಅವರು ನೋಡಬೇಕಿತ್ತು ಎನ್ನಿಸಿತು.

ಪರ್ಸಿನಿಂದ ಪೆನ್ನು ತೆಗೆದು, ಸೀಟಿನ ಚೀಟಿಯ ಹಿಂದೆ ಬರೆದೆ: "ಎಮರ್ಜೆನ್ಸಿ ಬಾಗಿಲಿಗೆ ಹುರಿ ಕಟ್ಟಿದವಳು ನಾನು. ಮಕ್ಕಳಲ್ಲ. ಕೇಳಿದಾಗ ಸರಿ ಇದೆ ಎಂದವಳೂ ನಾನೇ."

ತಂಗಿ ಅದನ್ನು ಇಸಿದುಕೊಂಡು ಓದಿದಳು. ಎರಡು ಸಲ ಓದಿ, "ಇದನ್ನ ಯಾರಿಗೆ ಕೊಡ್ತೀಯ ಅಕ್ಕಾ?" ಎಂದಳು.

ಕೊಡಬೇಕಾದವರು ಇಲ್ಲ. ಆ ಪುಸ್ತಕ ಎಲ್ಲಿದೆಯೋ ನನಗೆ ಗೊತ್ತಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ, ಈ ಸಲ ಅವರದಲ್ಲ, ನನ್ನ ತಪ್ಪು ಎಂದು.