ಬೇರಿಂಗ್‌ಗೆ ಕೊಟ್ಟ ಮುದ್ದೆ

ಅತ್ತೆಗೆ ಬೇಗ ಊಟ ಆಗಲೆಂದು ಒಂದೇ ಒಂದು ರಾಗಿ ಮುದ್ದೆ ಕಟ್ಟಿ ಆರಲು ಇಟ್ಟಿದ್ದೆ. ಅಂಗಳದಿಂದ ಬಂದ ನಮ್ಮ ಮನೆಯವರು, "ಲೇ, ಆ ಮುದ್ದೆ ಕೊಡಿಲ್ಲಿ, ಬೇರಿಂಗ್ ತೆಗೀಬೇಕು" ಅಂದರು.

ಅಂಗಳದಲ್ಲಿ ಮೆಕ್ಯಾನಿಕ್ ನಮ್ಮ ಟೆಂಪೊಗೆ ಬೇರೆ ಎಂಜಿನ್ ಕೂರಿಸುತ್ತಿದ್ದರು. ಆ ಎಂಜಿನ್ನಿನ ಶಾಫ್ಟಿನ ತುದಿಯ ಕುಳಿಯೊಳಗೆ ಹಳೇ ಪೈಲಟ್ ಬೇರಿಂಗ್ ಅನ್ನೋ ಸಣ್ಣ ಉಕ್ಕಿನ ಬಳೆ ಕಚ್ಚಿಕೊಂಡಿತ್ತಂತೆ. ಉಳಿ ಹಾಕಿದರೆ ಎಂಜಿನ್ನೇ ಹಾಳು. ಬಳೆಯ ನಡುವಿನ ತೂತಿನಿಂದ ಕುಳಿಗೆ ಮುದ್ದೆ ತುಂಬಿ ಸರಳಿಟ್ಟು ಹೊಡೆದರೆ, ಅದು ಹಿಂದಿನಿಂದ ಬೇರಿಂಗನ್ನು ನೂಕುತ್ತದಂತೆ. ಬೆಳಗ್ಗೆ ಅದೇ ಟೆಂಪೊದಲ್ಲಿ ಅತ್ತೆಯನ್ನು ಡಯಾಲಿಸಿಸ್‌ಗೆ ದೊಡ್ಡಬಳ್ಳಾಪುರಕ್ಕೆ ಕರೆದೊಯ್ಯಬೇಕಿತ್ತು. ಆದರೂ ತಿನ್ನೋ ಅನ್ನವನ್ನು ಸುತ್ತಿಗೆ ಏಟಿಗೆ ಕೊಡಲು ನನಗೆ ಕೈ ಬರಲಿಲ್ಲ.

ಮಂಚದ ಮೇಲಿಂದ ಅತ್ತೆ, "ನನ್ ಪಾಲಿಂದೇ ಕೊಡಮ್ಮ. ನಾಳೆ ಅದ್ರಲ್ಲಿ ಹೋಗೋಳು ನಾನೇ ತಾನೆ?" ಅಂದರು.

ತಟ್ಟೆಯಲ್ಲಿಟ್ಟು ನಾನೇ ಒಯ್ದೆ. ಮೆಕ್ಯಾನಿಕ್ ನಯಾಜಣ್ಣ ತಕ್ಷಣ ಮುಟ್ಟಲಿಲ್ಲ. ನಲ್ಲಿಗೆ ಹೋಗಿ, ಸೋಪು ಹಾಕಿ ಗ್ರೀಸಿನ ಕೈ ತೊಳೆದು ಬಂದರು. ಮುದ್ದೆಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಆಮೇಲೆ ಚೂರು ಚೂರಾಗಿ ಕುಳಿಗೆ ತುಂಬಿದರು. ಹೊಡೆಯುತ್ತಾ ಹೊಡೆಯುತ್ತಾ ಬೇರಿಂಗ್ ಈಚೆ ಬಂತು. ಕುಳಿ ಒರೆಸಿ, ಹೊಸದನ್ನು ಮೆಲ್ಲಗೆ ತಟ್ಟಿ ಕೂರಿಸಿದರು. ನೆಲಕ್ಕೆ ಬಿದ್ದ ಮುದ್ದೆಯ ಚೂರುಗಳನ್ನು ಯಾರೂ ತುಳಿಯದಂತೆ ಆಯ್ದು ಬದಿಗಿಟ್ಟರು.

ಗಾಡಿ ಸರಿಹೋದದ್ದು ದೇವರ ದಯೆ. ಆದರೆ ನಯಾಜಣ್ಣ ಮತ್ತೆ ಗ್ರೀಸಿಗೇ ಹೋಗುವ ಕೈಯನ್ನು ಅನ್ನ ಮುಟ್ಟುವ ಮುಂಚೆ ತೊಳೆದರಲ್ಲ, ಅದು ನನ್ನ ಕಣ್ಣಿಂದ ಹೋಗಿಲ್ಲ. ಒಳಗೆ ಬಂದು ದೀಪಕ್ಕೆ ಕೈ ಮುಗಿದು, ಅತ್ತೆಯ ಮುದ್ದೆಗೆ ಮತ್ತೆ ಎಸರಿಟ್ಟೆ.