ರವಿವಾರ ಎಲ್ಲಾ ಊರೂ ಚಂದ

ಇವತ್ತು ಬೆಳಿಗ್ಗೆ ಎರಡು ಸಲ ಮೆಷಿನ್‌ಗೆ ಬಟ್ಟೆ ಹಾಕಿದೆ. ಇಡ್ಲಿಗೆ ಉದ್ದು ನೆನೆಸಿದೆ. ಹಳದಿ ಮುಚ್ಚಳದ ಕಸದ ಬಿನ್ ರಸ್ತೆ ಬದಿಗೆ ಎಳೆದಿಟ್ಟೆ. ಅತ್ತೆಯ ಬಿ.ಪಿ. ಮಾತ್ರೆ ತಂದೆ. ಮಗಳ ಸ್ಕೂಲ್ ಜಾಕೆಟ್ಟಿನ ಜಿಪ್ ಸರಿಮಾಡಿದೆ. ಮಧ್ಯಾಹ್ನ ಹೋಗಿ, ನನಗೆ ಕಾರು ಕಲಿಸಿದ ಮೇಷ್ಟ್ರ ಕೊನೆಯ ದರ್ಶನ ಮಾಡಿಕೊಂಡು ಬಂದೆ.

ಅಲ್ಲಿ ಕಂಡದ್ದು ಅವರ ಮುಖ. ನನಗೆ ನೆನಪಾದದ್ದು ಅವರ ಬಲಗಾಲು. ಪಾಠ ಶುರುವಾಗುವ ಮುಂಚೆ ಚಪ್ಪಲಿ ಬಿಚ್ಚಿ ಸೀಟಿನ ಕೆಳಗೆ ತಳ್ಳುತ್ತಿದ್ದರು. ಕಲಿಸುವವರ ಕಡೆಗೂ ಒಂದು ಬ್ರೇಕ್ ಇರುತ್ತದಲ್ಲ, ಅದರ ಮೇಲೆ ಒಂದಂಗುಲ ಎತ್ತರದಲ್ಲಿ, ಸವೆದ ಬೂದು ಕಾಲುಚೀಲದೊಳಗಿಂದ ಇಣುಕುವ ಹೆಬ್ಬೆರಳು ಮುಕ್ಕಾಲು ಗಂಟೆ ಅಲುಗದೆ ನಿಂತಿರುತ್ತಿತ್ತು. ಬಾಯಿ ಮಾತ್ರ ಧಾರವಾಡದಿಂದ ಈ ಪರದೇಶದ ಟಾರ್ನೀಟ್‌ವರೆಗಿನ ಎಲ್ಲ ಸುದ್ದಿಯನ್ನೂ ಹೇಳುತ್ತಲೇ ಇರುತ್ತಿತ್ತು. ನಾನು ಕೈ ಬಿಗಿಹಿಡಿದು ಬೆವರುತ್ತಿದ್ದರೂ ಆ ಬೆರಳು ಕೆಳಗಿಳಿದದ್ದು ಎರಡೇ ಸಲ.

ಮೊದಲ ದಿನವೇ ನನ್ನನ್ನು "ಅಕ್ಕಾರ" ಎಂದು ಕರೆದರು. "ನನಗಿಂತ ಹತ್ತು ವರ್ಷ ದೊಡ್ಡೋರು ನೀವು, ನಾನು ಹೇಗೆ ಮೇಷ್ಟ್ರೇ ಅಕ್ಕ ಆಗ್ತೀನಿ?" ಎಂದೆ.

"ಗಾಡಿ ಹೊಡಿಯೋರು ಯಾವತ್ತೂ ಹಿರಿಯರರಿ. ನಾವೇನ್, ಬಾಜೂಕ ಕುಂತವ್ರು. ಹೂಂ, ಕನ್ನಡಿ ನೋಡ್ರಿ. ನಿಮ್ಮ ಮಾರಿ ಅಲ್ಲ, ಹಿಂದಿನ ಗಾಡಿ!"

ನನಗೆ ಆಗ ನಲವತ್ತನಾಲ್ಕು. ಮೊದಲು ಇದೇ ನಗರದ ಇನ್ನೊಂದು ಮೂಲೆಯ ಕ್ಲೇಟನ್‌ನಲ್ಲಿದ್ದಾಗ ಬಸ್ಸಿತ್ತು, ಮನೆಯ ಮುಂದೆಯೇ ನಿಲ್ಲುತ್ತಿತ್ತು. ಕಾರಿನ ಯೋಚನೆಯೇ ಬಂದಿರಲಿಲ್ಲ. ಟಾರ್ನೀಟ್‌ಗೆ ಬಾಡಿಗೆಗೆ ಬಂದ ಮೇಲೆ ಕಲಿಯಲೇಬೇಕಾಯಿತು. ಅದೇ ಹೊತ್ತಿಗೆ ನಾವು ಸ್ವಂತ ಮನೆ ಹುಡುಕುತ್ತಿದ್ದೆವು. ಮೈಸೂರಿನಿಂದ ಅತ್ತೆ ನಮ್ಮ ಜೊತೆ ಇರಲೆಂದೇ ಬಂದಿದ್ದರು. ನಾನು ಮಕ್ಕಳನ್ನು ನೋಡಿಕೊಳ್ಳುವ ಚೈಲ್ಡ್‌ಕೇರ್ ಒಂದರಲ್ಲಿ ಕೆಲಸಕ್ಕೆ ಸೇರಿದ್ದೆ, ಬೆಳಿಗ್ಗೆ ಎಂಟೂವರೆಗೆ ಅಲ್ಲಿರಬೇಕು.

ನಮ್ಮವರೆಲ್ಲ ಮನೆ ನೋಡುವ ರೀತಿ ಒಂದೇ. ಭಾನುವಾರ ತಿಂಡಿ ಮುಗಿಸಿ, ಒಳ್ಳೆ ಬಟ್ಟೆ ಹಾಕಿಕೊಂಡು, ಹನ್ನೊಂದು ಗಂಟೆಗೆ ಹೊರಡುತ್ತೇವೆ. ರಸ್ತೆ ಖಾಲಿ, ಬಿಸಿಲು ಹಿತ, ಪಾರ್ಕಿನಲ್ಲಿ ಮಕ್ಕಳು. ಒಳಗೆ ಹೋಗಿ ಅಡುಗೆಮನೆಯ ಕಲ್ಲು ಸವರುತ್ತೇವೆ, ಬಾಗಿಲು ಯಾವ ದಿಕ್ಕು ಎಂದು ಫೋನ್ ತೆಗೆದು ನೋಡುತ್ತೇವೆ, ಇಂಡಿಯನ್ ಅಂಗಡಿ ಎಷ್ಟು ದೂರ ಎಂದು ಕೇಳುತ್ತೇವೆ. ಹಾಗೇ ನಮ್ಮ ಮನೆಯವರಿಗೆ ಒಂದು ಮನೆ ಹಿಡಿಸಿತು. ಹೊಸ ಬಡಾವಣೆಯ ಕಟ್ಟಕಡೆಯ ಮೂಲೆ, ಎರಡು ಅಂತಸ್ತು, ಪೂರ್ವದ ಬಾಗಿಲು, ಅತ್ತೆಗೆ ಕೆಳಗೇ ರೂಮು. ಎಂಟು ದಿನ ಕೊಟ್ಟು, ಮುಂದಿನ ವಾರದ ಸೋಮವಾರ ಸಂಜೆಯೊಳಗೆ ಹೌದೋ ಅಲ್ಲವೋ ಹೇಳಿ ಎಂದ ಏಜೆಂಟ್. ನನಗೂ ಆ ಅಡುಗೆಮನೆಯ ಮೇಲೆ ಮನಸ್ಸಾಗಿತ್ತು, ಸುಳ್ಳೇಕೆ ಹೇಳಲಿ.

ಶನಿವಾರದ ಪಾಠದಲ್ಲಿ ಇದನ್ನು ಹೇಳಿದೆ. ಮೇಷ್ಟ್ರು ಮೊದಲು ರೌಂಡಬೌಟ್ ದಾಟಿಸಿದರು. ಆಮೇಲೆ, "ರವಿವಾರ ಎಲ್ಲಾ ಊರೂ ಚಂದ ಕಾಣ್ತಾವ್ರಿ ಅಕ್ಕಾರ. ಸೋಮವಾರ ಮುಂಜಾನೆ ನೋಡ್ರಿ, ಖರೇ ಮಾರಿ ಕಾಣ್ತೈತಿ," ಎಂದರು. "ಸೋಮವಾರದ ಪಾಠ ಆ ಮನಿ ಮುಂದಿಂದ ಚಾಲೂ ಮಾಡೋಣು. ಏಳೂವರಿಗೆ. ಸಾಹೇಬ್ರನ್ನೂ ಹಿಂದ ಕೂಡಿಸ್ಕೊಂಡ್ ಬರ್ರಿ."

ಅವರಿಗೆ ಆ ಕಡೆಯ ಒಂದೊಂದು ಬೀದಿಯೂ ಗೊತ್ತಿತ್ತು. ಯಾವ ಸ್ಕೂಲಿನ ಮುಂದೆ ಮೂರು ಗಂಟೆಗೆ ಕಾರು ಹೊರಳಿಸಲೂ ಆಗುವುದಿಲ್ಲ, ಯಾವ ಬೀದಿಗೆ ಫುಟ್‌ಪಾತ್ ಅರ್ಧಕ್ಕೇ ನಿಂತಿದೆ, ಎಲ್ಲಿ ಮಳೆ ನೀರು ಇಳಿಯಲು ಎರಡು ದಿನ ಬೇಕು, ಎಲ್ಲ. ಕಾಗದದಲ್ಲಿ ಬರೆದಿಟ್ಟದ್ದಲ್ಲ, ಕಲಿಯುವ ಹೆಂಗಸರ ಪಕ್ಕದಲ್ಲಿ ಕೂತು ಕೂತು ಬಂದ ತಿಳಿವಳಿಕೆ. ಆದರೆ ಇಂಥ ಮನೆ ತಗೊಳ್ಳಿ ಎಂದು ಯಾರಿಗೂ ಹೇಳಿದವರಲ್ಲ.

ಸೋಮವಾರ ಆ ಮನೆಯ ಮುಂದಿನಿಂದ ಹೊರಟೆವು. ಎರಡು ತಿರುವು ಸಲೀಸು. ಮೂರನೆಯದರಲ್ಲಿ ಬಡಾವಣೆಯಿಂದ ಹೊರಗೆ ಹೋಗುವ ಒಂದೇ ಒಂದು ರಸ್ತೆ. ಅದರ ಉದ್ದಕ್ಕೂ ಕೆಂಪು ದೀಪಗಳು. ನಿಂತೆ. ಒಂದು ಕಾರಿನಷ್ಟು ಮುಂದೆ ಹೋದೆ. ಮತ್ತೆ ನಿಂತೆ.

ಹಿಂದಿನ ಸೀಟಿನಿಂದ ನಮ್ಮ ಮನೆಯವರು, "ಇವತ್ತೇನೋ ಆಕ್ಸಿಡೆಂಟ್ ಆಗಿರ್ಬೇಕು," ಎಂದರು.

"ಹೌದ್ರಿ ಸಾಹೇಬ್ರ, ದಿನಾ ಆಗ್ತೈತಿ. ಅದಕ್ಕ ಸೋಮವಾರ, ಮಂಗಳವಾರ ಅಂತ ಹೆಸರಿಟ್ಟಾರ."

ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಮನೆಯವರು ನಗಲಿಲ್ಲ. "ರೋಡ್ ಅಗಲ ಮಾಡ್ತಾರಂತೆ ಮೇಷ್ಟ್ರೇ. ಏಜೆಂಟ್ ಹೇಳ್ದ. ಬಸ್ಸೂ ಬರತ್ತಂತೆ."

"ಬರ್ತೈತ್ರಿ. ನಿಮ್ಮ ಮಗಳ ಮದುವಿಗೆ ಅದ್ರಾಗ ಬರ್ತೀನಿ ನಾ."

ಕಾಲು ಗಂಟೆಯಾದರೂ ನಾವು ಅದೇ ರಸ್ತೆಯಲ್ಲಿದ್ದೆವು. ಆಗ ಮೇಷ್ಟ್ರು ಮುಂದಿನ ಕಾರನ್ನೇ ನೋಡುತ್ತ, ನಮ್ಮಿಬ್ಬರಲ್ಲಿ ಯಾರಿಗೆ ಹೇಳುತ್ತಿದ್ದಾರೆಂದು ತೋರಗೊಡದ ಹಾಗೆ ಹೇಳಿದರು.

"ನಾನೂ ಹಿಂಗ ಮೂಲ್ಯಾಗ ಮನಿ ತಗೊಂಡೆ. ನಮ್ಮನಿಯಾಕಿನ್ನ ಕೇಳ್ಲೇ ಇಲ್ಲ. ನಾ ಆರಕ್ಕ ಕಾರ್ ತಗೊಂಡ್ ಹೋದ್ರ ಸಂಜೀಕ ಬರಾಂವ. ಒಂದಿನಾ ಲಗೂನ ಬಂದೆ. ಗ್ಯಾರೇಜಿನ ಮುಂದ ಸ್ಟೂಲ್ ಹಾಕ್ಕೊಂಡು ಕುಂತಾಳ. ಯಾಕ ಅಂದೆ. ಪೋಸ್ಟಿನಾಂವ ಬರೋ ಹೊತ್ತಾತು ಅಂದ್ಲು. ನಮಗ ಪತ್ರಾ ಬರಿಯೋರು ಯಾರಿದ್ರು? ಒಬ್ಬ ಮನಶ್ಯಾನ್ನ ಕಾಣಾಕ ಕುಂತಿದ್ಲರಿ ಆಕಿ."

ಹಿಂದೆ ನಮ್ಮ ಮನೆಯವರು ಕಿಟಕಿಯ ಗಾಜು ಇಳಿಸಿದರು.

"ಮರುದಿನಾನ ಕಾರ್ ಕಲಿಸಾಕ ಹತ್ತಿದೆ. ಆಕಿ ಕಲ್ತು ಗೆಳತಿನ್ನ ಕರಕೊಂಬಂದ್ಲು, ಆ ಗೆಳತಿ ಮತ್ತೊಬ್ಬಾಕಿನ್ನ. ಗೋಡೌನಿನ ಕೆಲಸ ಬಿಟ್ಟು ಇದನ್ನ ಹಿಡದೆ. ಈಗ ಬ್ರೇಕ್ ಬಿಡ್ರಿ ಅಕ್ಕಾರ, ಕ್ಲಚ್ಚಿಲ್ಲದ ಗಾಡಿ, ತಾನ ಹೋಗ್ತೈತಿ."

ನಾನು ಕೆಲಸಕ್ಕೆ ಹತ್ತು ನಿಮಿಷ ತಡವಾಗಿ ತಲುಪಿದೆ. ಮೇಷ್ಟ್ರು ಕಾರಿನಿಂದಿಳಿದು ನಮ್ಮ ಮನೆಯವರಿಗೆ ಕೈ ಮುಗಿದು, "ತಪ್ಪು ತಿಳಕೋಬ್ಯಾಡ್ರಿ. ದೊಡ್ಡ ಮನಿ ಬ್ಯಾಡ ಅನ್ನಂಗಿಲ್ಲ ನಾ. ಆದ್ರ ಹಗಲೆಲ್ಲಾ ಅದ್ರಾಗ ಇರೋರು ಯಾರು, ಅವ್ರನ್ನ ಕೇಳ್ರಿ," ಎಂದರು.

ಸಂಜೆ ನಮ್ಮ ಮನೆಯವರು ಏಜೆಂಟನಿಗೆ ಫೋನ್ ಮಾಡುವ ಮುಂಚೆ ಅಡುಗೆಮನೆಗೆ ಬಂದು ನಿಂತರು. "ನಿಂಗೆ ಯಾವುದು ಬೇಕು ಹೇಳು," ಎಂದರು. ಮನೆಯ ವಿಷಯದಲ್ಲಿ ಅವರು ಹಾಗೆ ಕೇಳಿದ್ದು ಅದೇ ಮೊದಲು. ಸ್ಟೇಷನ್‌ಗೆ ನಡೆದು ಹೋಗುವಷ್ಟು ದೂರದಲ್ಲಿ, ಇಟ್ಟಿಗೆ ಬಣ್ಣದ ಒಂದಂತಸ್ತಿನ ಹಳೆಯ ಮನೆಯೊಂದನ್ನು ನಾವು ನೋಡಿ ಚಿಕ್ಕದೆಂದು ಬಿಟ್ಟಿದ್ದೆವು. "ಅದು," ಎಂದೆ. ನನ್ನ ದನಿ ನಡುಗಲಿಲ್ಲ.

ನಡುಗಿದ್ದು ಅತ್ತೆಯದು. "ದಕ್ಷಿಣದ ಬಾಗಿಲು ಕಣೇ ಅದು!"

ಮುಂದಿನ ಪಾಠದಲ್ಲಿ ಮೇಷ್ಟ್ರ ಮುಂದೆ ಇದನ್ನೂ ಇಟ್ಟೆ. "ಗ್ಯಾರೇಜಿನ ಬಾಗಲ ಯಾ ಕಡಿಗೈತಿ?" ಎಂದರು. ಪೂರ್ವಕ್ಕೆ. "ಈ ದೇಶದಾಗ ಮುಂಬಾಗಲ ತಗಿಯೋದು ಪಿಜ್ಜಾದಾಂವ ಬಂದ್ರ ಮಾತ್ರ. ಉಳಿದೋರೆಲ್ಲಾ ಗ್ಯಾರೇಜಿನಿಂದನ ಬರೋದು. ಅತ್ತೇರಿಗೆ ಹೇಳ್ರಿ." ಹೇಳಿದೆ. ಅತ್ತೆ ಒಂದು ದಿನ ಯೋಚಿಸಿ ಒಪ್ಪಿ, ಗೃಹಪ್ರವೇಶದಂದು ಹಾಲುಕ್ಕಿಸುವ ಒಲೆಯನ್ನು ಗ್ಯಾರೇಜಿನ ಬಾಗಿಲ ಹತ್ತಿರವೇ ಇಡಿಸಿದರು.

ಇದಾಗಿ ಏಳು ವರ್ಷ. ಇವತ್ತು ಕೊನೆಯ ದರ್ಶನಕ್ಕೆ, ಅವರಿಂದ ಕಾರು ಕಲಿತ ನಮ್ಮಂಥವರೇ ತುಂಬಿದ್ದರು. ಗುಜರಾತಿಗಳು, ಪಂಜಾಬಿಗಳು, ಸೀರೆಯವರು, ಜೀನ್ಸಿನವರು. ಮೇಷ್ಟ್ರ ಹೆಂಡತಿ ಕೈ ಹಿಡಿದುಕೊಂಡು, "ನೀವು ಸ್ಟೇಷನ್ ಅಕ್ಕಾರಲ್ರೀ?" ಎಂದರು. ಅವರ ಮನೆಯಲ್ಲಿ ನಮಗೆಲ್ಲ ಹಾಗೆಯೇ ಹೆಸರಂತೆ: ಕೆರೆ ಅಕ್ಕಾರು, ಗುಡ್ಡದ ಅಕ್ಕಾರು, ಸ್ಕೂಲಿನ ಹಿಂದಿನ ಅಕ್ಕಾರು.

"ಅತ್ತೇರು ಹೊರಗ ಅಡ್ಡಾಡ್ತಾರ?" ಎಂದು ಕೇಳಿದರು.

"ದಿನಾ," ಎಂದೆ.

"ನಮ್ಮನಿಯವ್ರಿಗೆ ಇದನ್ನ ಹೇಳಬೇಕಿತ್ತು," ಎಂದು ಅವರು ಮುಂದಿನವರ ಕೈ ಹಿಡಿದರು.

ಬರುವಾಗ ದಾರಿಯಲ್ಲಿ ಸೊಪ್ಪು ತರುವುದು ಮರೆತೇಹೋಗಿತ್ತು. ಮನೆಗೆ ಬಂದರೆ ಸಾರಿನ ವಾಸನೆ. ಅತ್ತೆ ತಾವೇ ನಡೆದು ಹೋಗಿ ಪಾಲಕ್ ತಂದಿದ್ದರು. ಅಂಗಡಿಯ ಮುಂದೆ ಯಾರೋ ತೆಲುಗಿನವರು ಸಿಕ್ಕು ಅರ್ಧ ಗಂಟೆ ಮಾತಾಡಿದರಂತೆ. ಮಗಳು ಸ್ಕೂಲಿನಿಂದ ನಡೆದು ಬಂದು, "ಅಜ್ಜಿ ವಾಸ್ ಔಟ್, ಐ ಮೇಡ್ ಮೈ ಓನ್ ಟೋಸ್ಟ್," ಎಂದಳು. ಯಾರೂ ನನಗಾಗಿ ಕಾದಿರಲಿಲ್ಲ. "ಮೊದಲು ಸ್ನಾನ ಮಾಡ್ಕೊಂಡ್ ಬಾ," ಎಂದು ಅತ್ತೆ ಬಾಗಿಲಲ್ಲೇ ಗದರಿದರು.

ಪಾಲಕ್ ಬಸ್ಸಾರು, ಅನ್ನ, ಹಪ್ಪಳ, ಮಜ್ಜಿಗೆ. ಅಷ್ಟು ನಡೆದ ಅತ್ತೆಯೇ ಇವತ್ತು ಎಲ್ಲರಿಗಿಂತ ಮೊದಲು ಮಲಗಿದರು.