ಹಗೇವಿನ ಅಂಗಳದ ಕೌಲು

ಅಂಗಳದಲ್ಲಿ ಕೊಡ ಇಳಿಸಿದಾಗ ನೆಲ ಗುಂಯ್ ಎಂದಿತು. ಅದೇ ಕೊಡವನ್ನು ಪಕ್ಕಕ್ಕೆ ಸರಿಸಿಟ್ಟೆ, ಸದ್ದಿಲ್ಲ. ಕೊಪ್ಪಳದ ಮನೆಯಲ್ಲಿ ಅದು ನನ್ನ ಮೊದಲ ಬೆಳಿಗ್ಗೆ.

ಅಂಗಳದ ಕೆಳಗೆ ಹಗೇವು ಇದೆಯೆಂದು ಆಮೇಲೆ ತಿಳಿಯಿತು. ಜೋಳ ತುಂಬಿ, ಬಾಯಿಗೆ ಕಲ್ಲು ಹಾಕಿ, ಮೇಲೆ ಮಣ್ಣು ಮುಚ್ಚುವ ಆಳದ ಕುಳಿ. ಮೈಸೂರಿನ ಪೇಟೆಯಲ್ಲಿ ಬೆಳೆದ ನಾನು ಅಕ್ಕಿಮೂಟೆ ಕಂಡವಳು, ಹಗೇವು ಕಂಡವಳಲ್ಲ.

ಈ ಮನೆ ಕಟ್ಟಿಸಿದವರು ಇಲ್ಲಿ ವಕೀಲರಾಗಿದ್ದ ನನ್ನ ಸೋದರಮಾವ. ಮಕ್ಕಳಿಲ್ಲದ ಅವರು ಅದನ್ನು ನನಗೆ ಬಿಟ್ಟುಹೋದರು. ಬಿ.ಎ. ಮುಗಿಸಿದ್ದ ನಾನು ಹೆಣ್ಣುಮಕ್ಕಳ ಶಾಲೆಯ ಕೆಲಸ ಹಿಡಿದು ಬಂದೆ. ಆದರೆ ಗೋಡೆ ಮಾತ್ರ ನನ್ನದು; ನೆಲ ಇದೇ ಊರಿನ ಗೌರವ್ವ ಎಂಬ ಹಿರಿಯರದು. ನಾವು ಗುತ್ತಿಗೆ ಎನ್ನುವುದಕ್ಕೆ ನಿಜಾಮರ ಈ ಸೀಮೆಯಲ್ಲಿ ಕೌಲು ಎನ್ನುತ್ತಾರೆ. ಅದರ ಮುದ್ದತ್ತು, ಅಂದರೆ ಅವಧಿ, ಮುಗಿಯುತ್ತಿತ್ತು. ಗೌರವ್ವ ಮುಂದುವರಿಸದಿದ್ದರೆ ಗೋಡೆ ಕೆಡವಿ ನೆಲ ಬಿಡಬೇಕು.

ಹಗೇವನ್ನು ಮಾತ್ರ ಗೌರವ್ವ ತಮ್ಮದಾಗಿಯೇ ಉಳಿಸಿಕೊಂಡಿದ್ದರು. ಅವರ ಕಿರಿಯ ಮಗ ಈರಣ್ಣ ಸತ್ತದ್ದು ಅದರೊಳಗೆ. ಹಗೇವು ತೆರೆದರೆ ಒಂದು ದಿನ ಬಾಯಿ ತೆರೆದೇ ಇಟ್ಟು, ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಇಳಿಯಬೇಕು. ಒಳಗಿನ ಗಾಳಿ ಕೊಲ್ಲುತ್ತದೆ. ಅವನು ದೀಪಕ್ಕೆ ಕಾಯಲಿಲ್ಲ. ಅಂದಿನಿಂದ ಅದನ್ನು ಯಾರೂ ತೆರೆದಿಲ್ಲ.

ಇದನ್ನು ಕೇಳಿದ ಮೇಲೆ, ಸಂಜೆ ಒಬ್ಬಳೇ ಕುಳಿತಾಗ ಅಂಗಳದಿಂದ ಸದ್ದು ಬರತೊಡಗಿತು. ಕೆಳಗಿನಿಂದ ಅಂಗೈಯಲ್ಲಿ ತಟ್ಟಿದ ಹಾಗೆ. ಕಾದ ನೆಲ ತಣಿಯುವ ಸದ್ದು ಎಂದುಕೊಂಡೆ. ಮಳೆಗಾಲದಲ್ಲೂ ಬಂತು.

ಮುದ್ದತ್ತಿನ ಮಾತಿಗೆ ಗೌರವ್ವ, ಹಿರಿಯ ಮಗ ಬಸಪ್ಪನೊಂದಿಗೆ ಬಂದರು. ಎಲೆ ಅಡಿಕೆಯ ತಟ್ಟೆ ಮುಂದಿಟ್ಟೆ. ಇಲ್ಲಿ ಎಲೆ ಎತ್ತಿಕೊಂಡರೆ ಮಾತು ಗಟ್ಟಿ; ಬರವಣಿಗೆ ಆಮೇಲೆ.

"ನಾ ಇಲ್ಲಿ ಹತ್ತಿ ಗೋದಾಮು ಕಟ್ಟಸಾಂವ ಅದೀನ್ರಿ, ಅಕ್ಕಾರ" ಎಂದ ಬಸಪ್ಪ. ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಇಲ್ಲಿ ಅಕ್ಕಾರ ಎಂದೇ ಕರೆಯುತ್ತಾರೆ. "ಮೈಸೂರಾಗ ನಿಮಗ ಮನಿ ಇಲ್ಲೇನ್ರಿ? ರೊಟ್ಟಿ ಬಡಿಯಾಕ ಬರಂಗಿಲ್ಲ, ಉಪ್ಪುನೀರು ಕುಡಿಯಾಕ ಬರಂಗಿಲ್ಲ. ಯಾಕ ಈ ಬಿಸಿಲಾಗ ಒಣಗತೀರಿ?"

"ರೊಟ್ಟಿ ಕಲಿತಿದ್ದೀನಿ."

"ಕಂಡೀನಿ ಬಿಡ್ರಿ. ನಿಮ್ಮ ಸಾಲಿ ನಕಾಶಿ ಇದ್ದಂಗ ಇರ್ತಾವ."

"ಸುಮ್ನ ಕುಂದ್ರಲೇ" ಎಂದರು ಗೌರವ್ವ.

ನಮ್ಮ ಕಡೆ ಸಾವಾದ ಬಾವಿಯನ್ನು ಮುಚ್ಚಿಸಿಬಿಡುತ್ತಾರೆ. ಅವರಿಗೆ ಸಮಾಧಾನವಾಗಲೆಂದು, ಕೌಲು ಮುಂದುವರಿಸಿದರೆ ಹಗೇವಿಗೆ ಮಣ್ಣು ತುಂಬಿಸುವುದಾಗಿ ಹೇಳಿದೆ. ಗೌರವ್ವ ತಟ್ಟೆಯನ್ನು ನನ್ನತ್ತ ತಳ್ಳಿ, ಬಸಪ್ಪನ ಕಡೆ ಕೈ ತೋರಿಸಿದರು.

"ಮುಚ್ಚಾಕ ಇಂವಾ ಒಬ್ಬಾಂವ ಸಾಲ್ದೇನ್ರಿ? ನೀವೂ ಬೇಕಾ? ಜ್ವಾಳ ಇನ್ನಾ ಐತಿ ಅದರಾಗ. ಅಂವ ತರಾಕ ಇಳದಿದ್ದು."

ಮನೆ ಹೋಯಿತು ಎಂದುಕೊಂಡೆ. ಗೌರವ್ವ ಅಂಗಳವನ್ನೇ ನೋಡುತ್ತಿದ್ದರು.

"ಖರೇ ಹೇಳ್ರಿ ಅಕ್ಕಾರ. ಏನರ ಕೇಳ್ಸತೈತೇನು?"

"ಯವ್ವಾ, ಓದಿದ ಹೆಣ್ಮಗಳನ್ನ ಇದೇನ್ ಕೇಳ್ತಿ?" ಎಂದು ಬಸಪ್ಪ ನಕ್ಕ.

ಈರಣ್ಣನೇ ಕರೆಯುತ್ತಾನೆ ಎಂದಿದ್ದರೆ ಮನೆ ಉಳಿಯುತ್ತಿತ್ತೇನೋ. ಆ ಮಾತು ನನ್ನಿಂದ ಆಗಲಿಲ್ಲ. ಏನೂ ಇಲ್ಲ ಎನ್ನುವುದೂ ಆಗಲಿಲ್ಲ.

"ತಟ್ಟಿದ ಹಾಗೆ ಕೇಳಿಸುತ್ತೆ. ಏನು ಅಂತ ನನಗೆ ಗೊತ್ತಿಲ್ಲ."

ಬಸಪ್ಪನ ನಗು ನಿಂತಿತು.

"ನಾ ಬಂದ್ರ ಕೇಳ್ಸಂಗಿಲ್ಲ" ಎಂದರು ಗೌರವ್ವ. "ಎಷ್ಟ ಸಲ ಬಂದು ಕುಂತೀನಿ. ನಿಮಗರ ಕೇಳ್ಸತೈತಲ್ಲ." ಕೈ ಚಾಚಿ ಎಲೆ ಎತ್ತಿಕೊಂಡರು. "ಇನ್ನ ಇಪ್ಪತ್ತ ವರ್ಸ ಇರ್ರಿ. ಅದನ್ನ ಮುಟ್ಟಬ್ಯಾಡ್ರಿ. ಅಂವ ಒಬ್ಬನ ಇರಬಾರ್ದು."

ಬಸಪ್ಪ ಎದ್ದು ರುಮಾಲು ಕೊಡವಿಕೊಂಡು ಹೋದ.

ಬೇಡಿದ್ದು ಸಿಕ್ಕಿತ್ತು. ಇನ್ನು ಈರಣ್ಣನಿಗೆ ನಾನು ಜೊತೆ; ಒಬ್ಬಳೇ ಇರುವ ಹಕ್ಕನ್ನು ಕೊಟ್ಟು ಮನೆಯನ್ನು ಪಡೆದಂತಿತ್ತು. ಮೈಸೂರಿನಲ್ಲಿ ಅಮ್ಮ ನನ್ನ ಕೋಣೆಯನ್ನು ಈಗಲೂ ದಿನಾ ಗುಡಿಸುತ್ತಾಳೆ. ಇಪ್ಪತ್ತು ವರ್ಷವೆಂದು ಅವಳಿಗೆ ಹೇಗೆ ಹೇಳಲಿ?

ಮರುದಿನ ಬೆಳಿಗ್ಗೆ ಶಾಲೆಗೆ ಹೊರಟು ಬಾಗಿಲು ಎಳೆದುಕೊಂಡೆ. ಅಂಗಳದಲ್ಲಿ ಯಾರೂ ಇರಲಿಲ್ಲ. ಹಗೇವಿನ ಕಡೆ ತಿರುಗಿ, ಅಮ್ಮನಿಗೆ ಹೇಳುತ್ತಿದ್ದ ದನಿಯಲ್ಲೇ, "ಹೋಗಿ ಬರ್ತೀನಿ" ಎಂದು ಹೇಳಿ ಹೊರಟೆ.